4 ಜನರ ಟೆಂಟು, ಅಮ್ಮನ ಮನೆ ಹಕ್ಕಲು

ಮಕ್ಕಳ ಜೊತೆ ಒಂದು ರಾತ್ರಿ ಟೆಂಟಿನಲ್ಲಿ ಮಲಗೋ ಈ ಯೋಚನೆ ಶುರುವಾಗಿದ್ದು ಭೂಮಿ ಹುಣ್ಣಿಮೆ ದಿನ. ಅಮ್ಮನ ಮನೆ ಇರೋದು ಸಾಗರದಿಂದ ಸ್ವಲ್ಪ ಒಳಗೆ. ಈ ಸಲ ಹಬ್ಬಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆವು. ಅಮ್ಮ ರಾತ್ರಿಯಿಡೀ ಅಡುಗೆ ಮಾಡಿ, ಅಪ್ಪಯ್ಯ ಬೆಳಕು ಹರಿಯುವ ಮೊದಲೇ ಗದ್ದೆಗೆ ಭೂಮಿತಾಯಿಯ ಎಡೆಯಾದ ಹಚ್ಚಂಬಲಿ ಬೀರಿ, ಪೂಜೆ ಎಲ್ಲ ಮುಗಿದ ಮೇಲೆ ಅಲ್ಲೇ ಬದುವಿನ ಮೇಲೆ ಸಾಲಾಗಿ ಕೂತು ಬಾಳೆ ಎಲೆಯಲ್ಲಿ ಉಂಡೆವು. ಶಿವಮೊಗ್ಗದ ಮನೆಯಲ್ಲಿ ನಾಲ್ಕು ತುತ್ತು ತಿನ್ನಲು ಒಂದು ಗಂಟೆ ಸತಾಯಿಸುವ ನನ್ನ 3 ವರ್ಷದ ಮಗ ಅವತ್ತು ಎರಡು ಕಡುಬು ತಿಂದ. ಆರೂವರೆ ವರ್ಷದ ಮಗಳು ಮಾತ್ರ ಅಲ್ಲಿಂದ ಏಳಲೇ ಇಲ್ಲ. "ರಾತ್ರಿನೂ ಇಲ್ಲೇ ಮಲಗೋಣ ಅಮ್ಮಾ" ಅಂತ ಹಠ.

ಆಯ್ತು ನೋಡೋಣ ಅಂದೆ. ಸುಮ್ನೆ ಅಂದಿದ್ದು. ಮಕ್ಕಳ ಹತ್ತಿರ ಹಾಗೆ ಅನ್ನಬಾರದು.

ಅವತ್ತು ಸಂಜೆಯಿಂದಲೇ ನಮ್ಮನೆಯವರು ಮೊಬೈಲಿನಲ್ಲಿ ಕ್ಯಾಂಪಿಂಗ್ ವಿಡಿಯೋ ನೋಡಲು ಶುರು ಮಾಡಿದರು. ಮೂರನೇ ದಿನಕ್ಕೆ ಕೊಡಚಾದ್ರಿ ಅಂದರು. 1343 ಮೀಟರ್ ಎತ್ತರ, ಮೋಡದ ಮೇಲೆ ಸೂರ್ಯೋದಯ, ಇತ್ಯಾದಿ. ನಾನು ಮದುವೆಗೆ ಮುಂಚೆ ಆ ಜೀಪಿನಲ್ಲಿ ಹೋದವಳು. ಆ ಕುಲುಕಾಟಕ್ಕೆ ದೊಡ್ಡವರ ಸೊಂಟವೇ ನಿಲ್ಲುವುದಿಲ್ಲ, ಇನ್ನು ಕಾರಿನಲ್ಲಿ ಆಯನೂರು ದಾಟುವಷ್ಟರಲ್ಲಿ ವಾಂತಿ ಮಾಡಿಕೊಳ್ಳುವ ಚಿಕ್ಕವನನ್ನು ಕಟ್ಟಿಕೊಂಡು ಯಾರು ಹೋಗ್ತಾರೆ? ಅದೂ ಅಲ್ಲದೆ ಅದು ಅಭಯಾರಣ್ಯ. ಅರಣ್ಯ ಇಲಾಖೆ ಅನುಮತಿ ಇಲ್ಲದೆ ನಮಗೆ ಚಂದ ಕಂಡಲ್ಲಿ ಗೂಟ ಹೊಡೆಯುವ ಹಾಗಿಲ್ಲ. ವಿಡಿಯೋದವರು ಅದನ್ನು ಹೇಳೋದಿಲ್ಲ.

ಆಮೇಲೆ ಹೊನ್ನೆಮರಡು. ಶರಾವತಿ ಹಿನ್ನೀರು ನನಗೂ ಇಷ್ಟವೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರುಗಳ ಕಥೆ ಕೇಳಿಕೊಂಡೇ ಬೆಳೆದವರು ನಾವು. ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ನೀರು ದಡದ ಮರಗಳ ಬುಡಕ್ಕೇ ಬಂದಿರುತ್ತೆ, ಕೆಂಪು ಮಣ್ಣು ಜಾರುತ್ತೆ, ಒಳಗೆ ಹಳೇ ಮರದ ಬೊಡ್ಡೆಗಳು ಎಲ್ಲಿವೆ ಅಂತ ಕಾಣಿಸೋದಿಲ್ಲ. ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಓಡಾಡುವ ಅಭ್ಯಾಸ ನನ್ನ ಮಗನಿಗಿದೆ. ನೀರಿನ ಪಕ್ಕ ಟೆಂಟು ಹಾಕಿದರೆ ನಾನಂತೂ ಒಂದು ರೆಪ್ಪೆ ಮುಚ್ಚೋದಿಲ್ಲ. ಮಕ್ಕಳು ದೊಡ್ಡವರಾಗಲಿ, ಈಜು ಕಲಿಯಲಿ, ಹಿನ್ನೀರು ಎಲ್ಲೂ ಓಡಿ ಹೋಗಲ್ಲ.

ಕೊನೆಗೆ ನಾನು ಹೇಳಿದ್ದು ಅಮ್ಮನ ಮನೆ ಹಕ್ಕಲು. ಮನೆಯಿಂದ ಕೂಗಿದರೆ ಕೇಳುವಷ್ಟು ದೂರದ ಬಯಲು. ಒಂದು ಹಲಸಿನ ಮರ, ಪಕ್ಕದಲ್ಲಿ ತೋಟದ ಬೇಲಿ.

"ಇದೂ ಒಂದು ಕ್ಯಾಂಪಿಂಗಾ?" ಅಂದರು ನಮ್ಮನೆಯವರು.

ರೀ, ಮಕ್ಕಳಿಗೆ ಬೇಕಾಗಿರೋದು ಜಾಗ ಅಲ್ಲ, ರಾತ್ರಿ ಅಂದೆ. ಸಂಜೆ 5ರಿಂದ ಬೆಳಿಗ್ಗೆ 7ರವರೆಗೆ ಹೊರಗೆ ಇರೋದು. ಆ ಹದಿನಾಲ್ಕು ಗಂಟೆಗೆ ಒಂದು ಪ್ಲ್ಯಾನ್ ಮಾಡೋಣ. ಜಾಗ ನೋಡೋದು ಹಗಲು ಹೊತ್ತಿನ ಕೆಲಸ, ಅದಕ್ಕೆ ಜೋಗ ಇದೆ, ಸಕ್ರೆಬೈಲಿನ ಆನೆ ಇದೆ, ಯಾವಾಗ ಬೇಕಾದರೂ ಹೋಗಬಹುದು. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೂ ಟೆಂಟು ತರಿಸಿದರು.

ಅಮ್ಮನಿಗೆ ಫೋನಿನಲ್ಲಿ ಹೇಳಿದ್ದಕ್ಕೆ, "ಅಷ್ಟು ದೊಡ್ಡ ಮನೆ ಇಟ್ಕೊಂಡು ಮೊಮ್ಮಕ್ಕಳನ್ನ ಹಕ್ಕಲಲ್ಲಿ ಮಲಗಿಸ್ತೀರಾ? ಊರವ್ರು ಏನಂದ್ಕೊಂಡಾರು?" ಅಪ್ಪಯ್ಯ ಹಿಂದಿನಿಂದ ನಗುತ್ತಿದ್ದರು. ಅವರು ಪ್ರಾಯದಲ್ಲಿ ಹಂದಿ ಕಾಯಲು ಗದ್ದೆ ಮಾಳದಲ್ಲಿ ತಿಂಗಳುಗಟ್ಟಲೆ ಮಲಗಿದವರು. ಒಂದು ಕಂಬಳಿ, ಒಂದು ಡಬ್ಬ, ಬಡಿಯಲು ಒಂದು ಕೋಲು. "ನಾವು ವಿಧಿಯಿಲ್ದೆ ಮಲಗ್ತಿದ್ವಿ, ನೀವು ದುಡ್ಡು ಕೊಟ್ಟು ಮಲಗ್ತೀರಿ" ಅಂದರು. ಗದ್ದೆ ಬದಿ ಮಾತ್ರ ಬೇಡ, ಭತ್ತ ಬಲಿತಿದೆ, ಹಂದಿ ಈಗಲೂ ಬರ್ತವೆ ಅಂತ ಎಚ್ಚರಿಕೆಯನ್ನೂ ಕೊಟ್ಟರು.

ದಿನ ಗೊತ್ತು ಮಾಡುವುದೇ ನಿಜವಾದ ತಲೆನೋವು. ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಇಂಬಳ, ಅಂದರೆ ಜಿಗಣೆ, ಬೇಸಿಗೆ ಪೂರ್ತಿ ಉಣುಗು, ಅಂದರೆ ಉಣ್ಣೆ. ಇಂಬಳಕ್ಕೆ ನಾನು ಹೆದರೋದಿಲ್ಲ. ಉಪ್ಪು ಮುಟ್ಟಿಸಿದರೆ ಬಿಡುತ್ತೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡೋದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಹರಿಯುತ್ತೆ, ನೋಡಲು ಭಯಂಕರ ಅಷ್ಟೇ. ಉಣುಗು ಹಾಗಲ್ಲ, ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಮಂಗನ ಕಾಯಿಲೆ ಹರಡೋದೇ ಅದರ ಕಡಿತದಿಂದ. ಆ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರ ಹೊತ್ತಿಗೆ ಅರಳಗೋಡು ಕಡೆ ಅದು ಏನು ಮಾಡಿತು ಅಂತ ಸಾಗರದವರಿಗೆ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್ ಹೊತ್ತಿಗೆ ತಲೆ ಎತ್ತಿ, ಜನವರಿ ಆಚೆ ಜೋರಾಗಿ, ಮಳೆ ಬೀಳುವವರೆಗೂ ಇರುತ್ತೆ. ಕ್ರಿಸ್‌ಮಸ್ ರಜದಲ್ಲಿ ಹೋಗೋಣ, ಚಳಿ ಚೆನ್ನಾಗಿರುತ್ತೆ ಅಂತ ನಮ್ಮನೆಯವರು ಅಂದಿದ್ದನ್ನು ನಾನು ಇದೇ ಕಾರಣಕ್ಕೆ ಬೇಡ ಅಂದೆ. ದೀಪಾವಳಿ ಮುಗಿದು, ಮಳೆ ಹಿಂದೆ ಸರಿದು, ದರಗು, ಅಂದರೆ ಒಣ ಎಲೆ, ಇನ್ನೂ ಜಾಸ್ತಿ ಉದುರದ ನವೆಂಬರ್ ಎರಡನೇ ಶನಿವಾರ. ಅಷ್ಟೇ ನಮಗೆ ಸಿಗೋ ಸಂದು.

ಆದರೂ ಪೂರ್ತಿ ನಿಶ್ಚಿಂತೆ ಇಲ್ಲ. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಇದೆಯಾ ಅಂತ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಲು ಅಮ್ಮನಿಗೆ ಹೇಳಿದ್ದೇನೆ. ಇದ್ದರೆ ಹೋಗೋದೇ ಇಲ್ಲ. ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಇಷ್ಟು ಚಿಕ್ಕ ಮಕ್ಕಳಿಗೆ ಹಚ್ಚಬಹುದಾ ಅಂತಲೂ ಅವರನ್ನೇ ಕೇಳಬೇಕು. ಟೆಂಟಿನ ಕೆಳಗೆ ಮೆತ್ತಗಿರಲಿ ಅಂತ ದರಗು ಹಾಸೋ ಯೋಚನೆ ಬಂದಿತ್ತು, ಅದನ್ನು ಬಿಟ್ಟೆ, ಉಣುಗು ಇರೋದೇ ಅಲ್ಲಿ. ಮಕ್ಕಳಿಗೆ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ಬೆಳಿಗ್ಗೆ ಎದ್ದ ತಕ್ಷಣ ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನ, ಕಿವಿ ಹಿಂದೆ, ಕಂಕುಳು, ಚಡ್ಡಿ ಎಲಾಸ್ಟಿಕ್ ಕೂರುವ ಜಾಗ ಎಲ್ಲ ಬೆಳಕಿಗೆ ಹಿಡಿದು ನೋಡೋದು. ಆಮೇಲಿನ ಒಂದೆರಡು ವಾರದಲ್ಲಿ ಜ್ವರ ಬಂದರೆ ಊರಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳೋದು. ಇಷ್ಟೆಲ್ಲ ಯಾಕೆ ಅಂತ ಬೆಂಗಳೂರಿನ ನನ್ನ ಓರಗಿತ್ತಿ ನಕ್ಕಳು. ನಗಲಿ.

ಕಳೆದ ಶುಕ್ರವಾರ ತಾರಸಿ ಮೇಲೆ ಒಂದು ರಿಹರ್ಸಲ್ ಮಾಡಿದೆವು. ಎಷ್ಟು ಒಳ್ಳೆಯದಾಯಿತು ಅಂದರೆ, ಅದೇ ರಾತ್ರಿ ಊರಲ್ಲಿ ಆಗಿದ್ದರೆ ಮಗಳು ಜನ್ಮದಲ್ಲಿ ಇನ್ನೊಂದು ಸಲ ಟೆಂಟಿನ ಹೆಸರು ಎತ್ತುತ್ತಿರಲಿಲ್ಲ.

ಡಬ್ಬದ ಮೇಲೆ 4 ಜನರ ಟೆಂಟು ಅಂತ ಬರೆದಿದೆ. ಯಾವ 4 ಜನ ಅಂತ ಬರೆದಿಲ್ಲ. ನಾವು ಇಬ್ಬರು ಮಗ್ಗುಲಾಗಿ, ಮಕ್ಕಳನ್ನು ನಡುವೆ ಹಾಕಿಕೊಂಡರೆ ಸರಿಯಾಗಿ ತುಂಬಿತು. ಬ್ಯಾಗು, ಚಪ್ಪಲಿ, ನೀರಿನ ಬಾಟಲಿ ಎಲ್ಲ ಹೊರಗೆ. ಕಾಂಕ್ರೀಟಿಗೆ ಗೂಟ ಇಳಿಯಲ್ಲ, ಹಾಗಾಗಿ ಒಂದು ಹಗ್ಗ ಸಿಂಟೆಕ್ಸ್ ಟ್ಯಾಂಕಿಗೆ, ಉಳಿದದ್ದಕ್ಕೆ ಇಟ್ಟಿಗೆ. ಸೊಳ್ಳೆ ಬರುತ್ತೆ, ಚಳಿ ಬರುತ್ತೆ ಅಂತ ನಾನೇ ಕಿಟಕಿ, ಗಾಳಿಕಂಡಿ ಎಲ್ಲ ಝಿಪ್ ಎಳೆದು ಭದ್ರ ಮಾಡಿದೆ.

ರಾತ್ರಿ ಎರಡು ಗಂಟೆಗೆ ಹಣೆ ಮೇಲೆ ಒಂದು ಹನಿ. ಆಮೇಲೆ ಇನ್ನೊಂದು. ಮಳೆ ಬಂತು ಅಂತ ನಮ್ಮನೆಯವರು ಎದ್ದು ಹೊರಗೆ ಹೋಗಿ ನೋಡಿದರೆ ಆಕಾಶದ ತುಂಬ ನಕ್ಷತ್ರ. ಟಾರ್ಚ್ ಹಾಕಿದೆ. ಟೆಂಟಿನ ಒಳಮೈ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು, ಹೊಲಿಗೆ ಇರುವ ಕಡೆ ಸೇರಿ ದೊಡ್ಡದಾಗಿ, ಅಲ್ಲಿಂದ ಜಾರಿ ನಮ್ಮ ಮೇಲೆ ಬೀಳುತ್ತಿದ್ದವು. ಮಗಳು ಬೆರಳಿಟ್ಟು ಒಂದು ಗೆರೆ ಎಳೆದಳು, ಗೆರೆಯ ತುದಿಯಿಂದ ನೀರು ಅವಳ ಮೊಣಕೈವರೆಗೆ ಹರಿದು ಬಂತು. ಅದು ಮಳೆ ಅಲ್ಲ, ನಾವು ನಾಲ್ಕು ಜನ ಬಿಟ್ಟ ಉಸಿರು. ಗಾಳಿಕಂಡಿ ಇರೋದೇ ಅದಕ್ಕೆ, ಅದನ್ನು ಮುಚ್ಚಿದ ಬುದ್ಧಿವಂತೆ ನಾನು.

ಎರಡನೆಯದು ಕೆಳಗಿನ ಚಳಿ. ಮೈಮೇಲೆ ಎರಡೆರಡು ಹೊದಿಕೆ, ಕೆಳಗೆ ಒಂದೇ ಚಾಪೆ. ಬೆನ್ನು ಮರಗಟ್ಟಿತ್ತು. ಈಗ ಲೆಕ್ಕ ತಿರುಗಿಸಿದ್ದೇನೆ. ಕೆಳಗೆ ಟಾರ್ಪಾಲು, ಅದರ ಮೇಲೆ ಟೆಂಟು, ಒಳಗೆ ಚಾಪೆ, ಜಮಖಾನ, ಎರಡು ಕಂಬಳಿ. ಹೊದೆಯಲು ಒಂದೊಂದೇ ಸಾಕು. ಟಾರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಚಾಚಬಾರದು, ಚಾಚಿದರೆ ಇಬ್ಬನಿ ನೀರೆಲ್ಲ ಅದರ ಮೇಲೆ ಬಿದ್ದು ಅಡಿಗೆ ಬರುತ್ತೆ.

ಮೂರನೆಯದು ಉಚ್ಚೆ. ಚಿಕ್ಕವನಿಗೆ ಅವಸರ, ಝಿಪ್ಪಿಗೆ ಬಟ್ಟೆ ಸಿಕ್ಕಿಕೊಂಡಿದೆ, ಚಪ್ಪಲಿ ಎಲ್ಲಿದೆ ಅಂತ ಗೊತ್ತಿಲ್ಲ, ಟಾರ್ಚು ಯಾರದೋ ಬೆನ್ನಿನ ಅಡಿ. ಮುಂದಿನದು ಊಹಿಸಿಕೊಳ್ಳಿ. ಮೂರು ಗಂಟೆಗೆ ಎಲ್ಲರೂ ಕೆಳಗಿಳಿದು ಮನೆಯಲ್ಲಿ ಮಲಗಿದೆವು. ಈಗ ಬಾಗಿಲ ಪಕ್ಕ ಒಂದು ಮುಚ್ಚಳದ ಬಕೆಟ್, ಒಂದು ಟಾರ್ಚು ಹಗ್ಗ ಕಟ್ಟಿ ನೇತು ಹಾಕೋದು, ಚಪ್ಪಲಿ ಚೀಲದೊಳಗೆ. ಊರಿನಲ್ಲಿ ಹೊರಗಿಟ್ಟ ಚಪ್ಪಲಿಗೆ ಕತ್ತಲಲ್ಲಿ ಕಾಲು ತೂರಿಸೋ ಹಾಗಿಲ್ಲ, ಚೇಳು ಹೊಕ್ಕಿರಬಹುದು.

ಊಟದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. ಮಗಳ ಆಸೆಗೆ ಮ್ಯಾಗಿ, ಮೂರು ಕಲ್ಲಿನ ಒಲೆ ಮೇಲೆ. ಉಳಿದಂತೆ ಗಂಜಿ, ಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಗೆಣಸು. ನಾನು ಕಾಯುತ್ತಿರೋದು ಹಲಸಿನ ಹಪ್ಪಳಕ್ಕೆ. ಎಣ್ಣೆಯಲ್ಲಿ ಕರಿದದ್ದಲ್ಲ, ಕೆಂಡದ ಮೇಲೆ ಸುಟ್ಟದ್ದು. ಚಿಕ್ಕವಳಿದ್ದಾಗ ಬಚ್ಚಲೊಲೆ ಮುಂದೆ ಕೂತು ಸುಡುತ್ತಿದ್ದೆ. ಹಿಡಿದ ಕಡೆಯಿಂದ ಅಂಚು ಮುದುರಿಕೊಂಡು ಬರುತ್ತೆ, ನಡುವೆ ಗುಳ್ಳೆ ಏಳುತ್ತೆ, ಅಲ್ಲಿಗೆ ತಿರುಗಿಸಬೇಕು, ಒಂದು ಕ್ಷಣ ಬಿಟ್ಟರೆ ಕರಿ. ಜೊತೆಗೆ ಹಸಿ ಕೊಬ್ಬರಿ ಚೂರು. ಗ್ಯಾಸಿನ ಮೇಲೆ ಎಷ್ಟು ಸುಟ್ಟರೂ ಆ ರುಚಿ ಬರೋದಿಲ್ಲ. ಬೆಳಿಗ್ಗೆಗೆ ಅಮ್ಮನ ಕೊಟ್ಟೆ ಕಡುಬು ಇದ್ದೇ ಇದೆ. ಇದು ಮೋಸ ಅಂತ ನಮ್ಮನೆಯವರು ಅಂದರೆ ಅವರಿಗೆ ಬ್ರೆಡ್ಡು ಕೊಡೋಣ.

ಬೆಂಕಿ ಟೆಂಟಿನಿಂದ ಹತ್ತು ಹೆಜ್ಜೆ ಆಚೆ, ಪಕ್ಕದಲ್ಲಿ ಎರಡು ಕೊಡ ನೀರು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಚಳಿ ಅಂತ ಕೆಂಡದ ಬೋಗುಣಿಯನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ.

ಮಗಳಿಗೆ ಕತ್ತಲ ಭಯ ಸ್ವಲ್ಪ ಇದೆ. ಆದರೆ ಇದು ಅಡಿಕೆ ಕೊನೆ (ಗೊಂಚಲು) ಕೊಯ್ಲಿನ ಸಮಯ. ಮನೆ ಜಗಲಿಯಲ್ಲಿ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿರುತ್ತಾರೆ. ಆ ಟಕ್ ಟಕ್ ಸದ್ದು, ಊರ ಸುದ್ದಿ, ನಗು ಎಲ್ಲ ಹಕ್ಕಲಿನವರೆಗೆ ಕೇಳಿಸುತ್ತೆ. ನಾನು ಅದನ್ನು ಕೇಳುತ್ತಲೇ ನಿದ್ದೆ ಮಾಡಿ ದೊಡ್ಡವಳಾದವಳು, ಅವಳಿಗೂ ಬಂದೀತು. ಹಗಲು ಹೊತ್ತಿಗೆ ಆಟಿಕೆ ಒಂದೂ ಒಯ್ಯುತ್ತಿಲ್ಲ. ಒಂದು ಅಡಿಕೆ ಹಾಳೆ ಸಿಕ್ಕರೆ ಸಾಕು, ಒಬ್ಬರು ಕೂರೋದು, ಒಬ್ಬರು ಎಳೆಯೋದು, ಚಡ್ಡಿ ಹರಿಯುವವರೆಗೆ.

ಮಳೆ ಬಂದರೆ? ನವೆಂಬರಿನಲ್ಲಿ ಸಮುದ್ರದಲ್ಲಿ ಎಲ್ಲೋ ಚಂಡಮಾರುತ ಎದ್ದರೆ ನಮ್ಮ ಅಂಗಳದ ಅಡಿಕೆ ನೆನೆಯುತ್ತೆ. ಹಾಗಾದರೆ ಟೆಂಟು ಜಗಲಿ ಮೇಲೆ. ಮಕ್ಕಳು ಒಪ್ಪಿದ್ದಾರೆ, ದೊಡ್ಡವರು ಇನ್ನೂ ಒಪ್ಪಿಲ್ಲ.

ನಿನ್ನೆ ಸಂಜೆ ಅಪ್ಪಯ್ಯ ಫೋನ್ ಮಾಡಿದ್ದರು. ಹಕ್ಕಲಿನ ಹುಲ್ಲು ಸವರಿಸಿ, ಕಲ್ಲು ಆರಿಸಿ, ಒಲೆಗೆ ಒಣ ಕಟ್ಟಿಗೆಯನ್ನೂ ಒಟ್ಟಿದ್ದಾರಂತೆ. ಇಡುವ ಮುಂಚೆ, "ಮತ್ತೆ ನನ್ನ ಹಳೇ ಕಂಬಳಿನೂ ಬಿಸಿಲಿಗೆ ಹಾಕಿದೀನಿ ಮಾರಾಯ್ತಿ, ನನಗೆ ಬಾಗಿಲ ಕಡೆ ಜಾಗ ಸಾಕು" ಅಂದರು.

ಟೆಂಟು 4 ಜನರದು ಅಂತ ಅವರಿಗೆ ಇನ್ನೂ ಹೇಳಿಲ್ಲ.