ವೆಸ್ಟ್ ಬಾರ್‌ನ ಅಲೆಗಳು

ವೈಮಾನಿಕ ಛಾಯಾಚಿತ್ರಗಳಿಂದ ಭೂವಿಜ್ಞಾನಕ್ಕೆ ಏನು ದಕ್ಕಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗ. ಅಲ್ಲಿನ ಬಸಾಲ್ಟ್ (ಲಾವಾ ಗಟ್ಟಿಯಾಗಿ ಆದ ಕಪ್ಪು ಶಿಲೆ) ಪ್ರಸ್ಥಭೂಮಿಯಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ, ಬಂಡೆಯಲ್ಲಿ ಆಳವಾದ ಒಣ ಕಣಿವೆಗಳು ಕೊರೆದುಕೊಂಡಿವೆ. ಇದು ಮಹಾಪ್ರವಾಹವೊಂದರ ಕೆಲಸವೆಂದು ಷಿಕಾಗೋ ವಿಶ್ವವಿದ್ಯಾಲಯದ ಜೆ. ಹಾರ್ಲೆನ್ ಬ್ರೆಟ್ಜ್ 1923ರಿಂದ ವಾದಿಸುತ್ತ ಬಂದರು. ನೆಲದ ರೂಪ ಬದಲಾಗುವುದು ನಿಧಾನವಾದ ಸವೆತದಿಂದಲೇ ಎಂಬ ನಂಬಿಕೆ ಬಲವಾಗಿದ್ದ ಕಾಲವದು. 1927ರ ಸಭೆಯೊಂದರಲ್ಲಿ ಹಿರಿಯ ಭೂವಿಜ್ಞಾನಿಗಳು ಅವರ ವಾದವನ್ನು ತಳ್ಳಿಹಾಕಿದರು.

1952ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿದ್ದ ಬ್ರೆಟ್ಜ್ ಮತ್ತೆ ಅಲ್ಲಿಗೆ ಹೋದಾಗ, ಕೊಲಂಬಿಯಾ ಕಣಿವೆಯ ನೀರಾವರಿ ಯೋಜನೆಗಾಗಿ ತೆಗೆಸಿದ್ದ ವೈಮಾನಿಕ ಚಿತ್ರಗಳು ಸಿದ್ಧವಾಗಿದ್ದವು. ನದಿಯ ಪಕ್ಕದ ವೆಸ್ಟ್ ಬಾರ್ ಎಂಬ ಜಲ್ಲಿಯ ದಿಬ್ಬದ ಮೇಲೆ, ಹೊಳೆದಂಡೆಯ ಮರಳಿನಲ್ಲಿ ನೀರು ಮೂಡಿಸುವಂಥದೇ ಅಲೆಗಳು ಸಾಲುಸಾಲಾಗಿ ಆ ಚಿತ್ರಗಳಲ್ಲಿ ಕಾಣುತ್ತವೆ. ಆದರೆ ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಸುಮಾರು 100 ಮೀಟರ್ ಅಂತರ, ಎತ್ತರ ಕೆಲವೇ ಮೀಟರ್. ಇಷ್ಟು ದೊಡ್ಡ ಅಲೆಗಳನ್ನು ಮೂಡಿಸಲು ಮಹಾಪ್ರವಾಹವೇ ಬೇಕು. ಕುರುಚಲು ಗಿಡಗಳ ನಡುವೆ ನಡೆಯುವವನಿಗೆ ಅದು ಬರೀ ಏರುತಗ್ಗಿನ ಹಾದಿಯಷ್ಟೇ.

ಇಲ್ಲಿ ಸ್ಟೀರಿಯೋಸ್ಕೋಪಿನ, ಅಂದರೆ ಜೋಡಿ ಚಿತ್ರಗಳಲ್ಲಿ ಏರುತಗ್ಗು ಕಾಣಿಸುವ ಮಸೂರಗಳ ಸಾಧನದ, ಉಪಕಾರವನ್ನು ಹೇಳಲೇಬೇಕು. ವಿಮಾನ ಸಾಗುತ್ತಿರುವಾಗ ತೆಗೆಯುವ ಒಂದೊಂದು ಚಿತ್ರವೂ ಹಿಂದಿನ ಚಿತ್ರದಲ್ಲಿದ್ದ ನೆಲದ ಶೇಕಡಾ 60ರಷ್ಟನ್ನು ಮತ್ತೆ ಹಿಡಿದಿರುತ್ತದೆ. ಆ ಜೋಡಿಯನ್ನು ಮಸೂರಗಳ ಕೆಳಗಿಟ್ಟು, ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ಬೀಳುವಂತೆ ಕೂದಲೆಳೆಯಷ್ಟು ಸರಿಸುತ್ತ ಹೋದರೆ, ಎರಡಾಗಿ ಕಾಣುತ್ತಿದ್ದ ದಾರಿಯೋ ಮರವೋ ತಟ್ಟನೆ ಒಂದಾಗಿ ಗುಡ್ಡಗಳು ಮೇಲೇಳುತ್ತವೆ. ಎರಡು ಚಿತ್ರಗಳನ್ನು ತೆಗೆದ ಜಾಗಗಳು ಬಹಳ ದೂರದೂರವಿರುವುದರಿಂದ ಎತ್ತರ ಇರುವುದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚಾಗಿ ತೋರುತ್ತದೆ. ಅಳತೆ ಮಾಡುವವರಿಗೆ ಇದು ಕಿರಿಕಿರಿ. ತಗ್ಗಾದ ಅಲೆಗಳನ್ನು ಹುಡುಕುವವರಿಗೆ ಮಾತ್ರ ವರ.

ಬ್ರೆಟ್ಜ್ ಒಬ್ಬರೇ ಲೋಕವನ್ನು ಎದುರಿಸಿ ಗೆದ್ದರೆಂದು ಈ ಕಥೆಯನ್ನು ಹೇಳುವುದು ವಾಡಿಕೆಯಾದರೂ ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ. ಮೊಂಟಾನಾದ ಕ್ಯಾಮಸ್ ಪ್ರೇರಿಯಲ್ಲಿನ ಇಂಥವೇ ಅಲೆಗಳನ್ನು ಭೂವಿಜ್ಞಾನಿ ಜೋಸೆಫ್ ಪಾರ್ಡೀ 1942ರಲ್ಲೇ ವಿವರಿಸಿ, 2,000 ಘನ ಕಿಲೋಮೀಟರಿಗೂ ಹೆಚ್ಚು ನೀರಿದ್ದ ಹಿಮಯುಗದ ಮಿಸೌಲಾ ಸರೋವರ ಹಿಮದ ಕಟ್ಟೆಯೊಡೆದು ಬರಿದಾದ ಬಗೆಯನ್ನು ತೋರಿಸಿದ್ದರು. ಬ್ರೆಟ್ಜ್ ಹೇಳಿದ ಪ್ರವಾಹದ ನೀರು ಬಂದದ್ದು ಆ ಸರೋವರದಿಂದಲೇ. ಬ್ರೆಟ್ಜ್ ಮತ್ತು ಸಂಗಡಿಗರ 1956ರ ಪ್ರಬಂಧಕ್ಕೆ ಬಲ ಬಂದದ್ದು ಚಿತ್ರಗಳನ್ನೂ ಹೊಸದಾಗಿ ತೋಡಿದ ಕಾಲುವೆಗಳ ಮಗ್ಗುಲಲ್ಲಿ ಕಂಡ ಜಲ್ಲಿಯ ಪದರಗಳನ್ನೂ ಕೂಡಿಸಿ ಓದಿದ್ದರಿಂದ.

ಪ್ರವಾಹ ಎಷ್ಟು ಸಲ ಬಂತೆಂಬುದನ್ನು ಮಾತ್ರ ಮೇಲಿನ ನೋಟ ಹೇಳಲಾರದು. ನೀರಾವರಿ ನೀರೇ ಕೊರೆದ ಬರ್ಲಿಂಗೇಮ್ ಕೊರಕಲಿನಲ್ಲಿ ಒಂದರ ಮೇಲೊಂದು ಕೂತ ಹೂಳಿನ ಪದರಗಳನ್ನು ಎಣಿಸಿದ ಭೂವಿಜ್ಞಾನಿ ರಿಚರ್ಡ್ ವೇಯ್ಟ್, ಅದು ಸುಮಾರು 40 ಸಲ ಬಂದಿತ್ತೆಂದು 1980ರಲ್ಲಿ ವಾದಿಸಿದರು.