ತಾಯಿಯ ಬಳಿ, ಮಗನ ಅಕ್ಷರ

ನನ್ನ ತಂದೆ ಉಡುಪಿಯಲ್ಲಿ ದಸ್ತಾವೇಜು ಬರಹಗಾರರಾಗಿದ್ದರು. ಛಾಪಾ ಕಾಗದದ ಮೇಲೆ ಒಂದು ಅಕ್ಷರ ತಪ್ಪಿದರೆ ಹಾಳೆಯೂ ಹೋಯಿತು, ಅದರ ದುಡ್ಡೂ ಹೋಯಿತು. ಆ ಭಯದಲ್ಲೇ ಅವರ ಕೈ ಪಳಗಿತ್ತು. ಹಾಗಾಗಿ ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುವಾಗ ನನ್ನ ಕಣ್ಣು ನಿಂತದ್ದು ಸೇನಾಪತಿಗಳ ಮೇಲಲ್ಲ, ಶರಣಾಗತಿ ಪತ್ರವನ್ನು ಬರೆದಿಳಿಸಿದ ಕೈಯ ಮೇಲೆ. ಆ ಕೈ ಈಲಿ ಪಾರ್ಕರ್ ಅವರದು.

1865ರ ಏಪ್ರಿಲ್ 9, ಭಾನುವಾರ. ವರ್ಜೀನಿಯಾದ ಅಪೊಮ್ಯಾಟಾಕ್ಸ್‌ನಲ್ಲಿ ವಿಲ್ಮರ್ ಮೆಕ್ಲೀನ್ ಎಂಬವರ ಮನೆ. ಷರತ್ತುಗಳ ಕರಡನ್ನು ಗೆದ್ದ ಉತ್ತರದ ಸೇನೆಯ ಜನರಲ್ ಗ್ರಾಂಟ್ ಪೆನ್ಸಿಲಿನಲ್ಲಿ ಗೀಚಿದ್ದರು. ಅದನ್ನು ಶಾಯಿಯಲ್ಲಿ ಶುದ್ಧಪ್ರತಿ ತೆಗೆಯುವ ಕೆಲಸ ಮೊದಲು ಕರ್ನಲ್ ಬವರ್ಸ್ ಪಾಲಿಗೆ ಬಂತು. ಅವರ ಕೈ ಅಳುಕಿತು. ಕಾಗದವನ್ನು ಪಾರ್ಕರ್ ಕಡೆಗೆ ದಾಟಿಸಿದರು. ಇಡೀ ಸಿಬ್ಬಂದಿಯಲ್ಲಿ ಅವರಷ್ಟು ಒಳ್ಳೆಯ ಅಕ್ಷರ ಇನ್ನೊಬ್ಬರದಿರಲಿಲ್ಲ ಎಂದು ಅಲ್ಲಿದ್ದ ಹೊರೇಸ್ ಪೋರ್ಟರ್ ಬರೆದಿದ್ದಾರೆ. ಮನೆಯ ಮಸಿಕುಡಿಕೆ ಉಪಯೋಗಕ್ಕೆ ಬರಲಿಲ್ಲ. ಶರಣಾಗುತ್ತಿದ್ದ ದಕ್ಷಿಣದ ಸೇನೆಯ ಜನರಲ್ ಲೀ ಅವರ ಸಹಾಯಕ ಮಾರ್ಷಲ್ ತಮ್ಮ ಮರದ ಪುಟ್ಟ ಮಸಿಡಬ್ಬಿಯನ್ನು ಕೊಟ್ಟರು. ಗೆದ್ದವರ ಷರತ್ತುಗಳನ್ನು, ಸೋತವರ ಶಾಯಿಯಲ್ಲಿ, ಅಮೆರಿಕದ ಪೌರನೇ ಅಲ್ಲದ ಒಬ್ಬ ಸೆನೆಕಾ ಮನುಷ್ಯ, ಅಲ್ಲಿನ ಮೂಲನಿವಾಸಿ ಜನಾಂಗವೊಂದರವರು, ಬರೆದರು.

ಲೀ ಪಾರ್ಕರ್ ಅವರ ಕೈ ಕುಲುಕಿ, ನಿಜವಾದ ಅಮೆರಿಕನ್ ಒಬ್ಬರಾದರೂ ಇಲ್ಲಿದ್ದಾರಲ್ಲ ಎಂದದ್ದು, ಪಾರ್ಕರ್ ನಾವೆಲ್ಲರೂ ಅಮೆರಿಕನ್ನರೇ ಎಂದು ಉತ್ತರಿಸಿದ್ದು ಎಲ್ಲರೂ ಹೇಳುವ ಕಥೆ. ನನಗೆ ಅದಕ್ಕಿಂತ ಆ ಅಳುಕದ ಕೈಯೇ ದೊಡ್ಡದು.

ಅದು ಎಲ್ಲಿ ಪಳಗಿತು ಎಂದು ಹುಡುಕಿದರೆ ನ್ಯೂಯಾರ್ಕ್ ರಾಜ್ಯದ ಟೊನವಾಂಡಕ್ಕೆ ಹೋಗಬೇಕು. ಸೆನೆಕಾ ಜನರ ಆ ನೆಲದಲ್ಲಿ 1828ರಲ್ಲಿ ಅವರು ಹುಟ್ಟಿದರು. ತಂದೆ ವಿಲಿಯಂ 1812ರ ಯುದ್ಧದಲ್ಲಿ ಅಮೆರಿಕದ ಪರವಾಗಿ ಹೋರಾಡಿದವರು. ತಾಯಿ ಎಲಿಜಬೆತ್ ತೋಳ ಕುಲದವರು. ಸೆನೆಕಾ ಜನರಲ್ಲಿ ಕುಲ ಬರುವುದು ತಾಯಿಯಿಂದ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ನಮ್ಮ ಮನೆಗಳಲ್ಲಿ ಬಳಿ, ಅಂದರೆ ಕುಲ, ಬಂದ ಹಾಗೆಯೇ. ತಂದೆಯವರು ಬರೆಯುತ್ತಿದ್ದ ಪಾಲುಪಟ್ಟಿಗಳಲ್ಲಿ ಕವರಿನ, ಅಂದರೆ ತಾಯಿಯ ಕಡೆಯ ಕವಲಿನ, ಹಿರಿಯ ಹೆಂಗಸಿನ ಹೆಸರಿನಿಂದಲೇ ಲೆಕ್ಕ ಶುರುವಾಗುತ್ತಿತ್ತು. ಹಾಗಾಗಿ ಈ ಮನೆತನ ನನಗೆ ಪರಕೀಯ ಎನಿಸಲೇ ಇಲ್ಲ.

ಮಗ ಹುಟ್ಟುವ ಮೊದಲು ಎಲಿಜಬೆತ್ ಒಂದು ಕನಸು ಕಂಡರಂತೆ. ಟೊನವಾಂಡದಿಂದ ಬಫಲೋದ ಗ್ರೇಂಜರ್ ಎಂಬವರ ಜಮೀನಿನವರೆಗೆ ಚಾಚಿದ ಕಾಮನಬಿಲ್ಲು ನಡುವೆ ಮುರಿಯಿತು. ಅದರ ಅಡಿಯಲ್ಲಿ ಬಫಲೋದ ಅಂಗಡಿಗಳ ಫಲಕಗಳಂಥವು ತೂಗುತ್ತಿದ್ದವು. ಕನಸು ಬಲ್ಲವರು ಅರ್ಥ ಹೇಳಿದರು: ಹುಟ್ಟುವ ಮಗ ಬಿಳಿಯರ ನಡುವೆ ಬಾಳಿದರೂ ತನ್ನ ಜನರನ್ನು ಬಿಡುವುದಿಲ್ಲ, ಕೊನೆಗೆ ಹಿರಿಯರ ನೆಲವೇ ಅವನನ್ನು ಮಡಿಲಿಗೆ ತೆಗೆದುಕೊಳ್ಳುತ್ತದೆ.

1838ರ ಒಪ್ಪಂದವೊಂದರ ಬಲದಿಂದ ಆಗ್ಡನ್ ಲ್ಯಾಂಡ್ ಕಂಪನಿ ಸೆನೆಕಾ ನೆಲಕ್ಕೆ ಕೈಹಾಕಿತ್ತು. ಟೊನವಾಂಡದ ಮುಖಂಡರು ಅದಕ್ಕೆ ಒಪ್ಪಿರಲಿಲ್ಲ. ಇಂಗ್ಲಿಷ್ ಬಲ್ಲ ಹುಡುಗ ಪಾರ್ಕರ್ ಹದಿಹರೆಯದಲ್ಲೇ ಅವರ ದುಭಾಷಿಯಾದರು, ಅರ್ಜಿ ಬರೆಯುವವರಾದರು, ವಾಷಿಂಗ್ಟನ್‌ಗೆ ಅಲೆದರು. ಕಾನೂನು ಓದಿದರು, ಪೌರರಲ್ಲ ಎಂಬ ಕಾರಣಕ್ಕೆ ವಕೀಲಿಕೆಯ ಬಾಗಿಲು ಮುಚ್ಚಿತು. ಎಂಜಿನಿಯರ್ ಆದರು. 1857ರ ಒಪ್ಪಂದದಲ್ಲಿ ಟೊನವಾಂಡದವರು ತಮ್ಮದೇ ನೆಲದಲ್ಲಿ ಸುಮಾರು 7,500 ಎಕರೆಯನ್ನು ದುಡ್ಡು ಕೊಟ್ಟು ಮರಳಿ ಪಡೆದರು. ತಮ್ಮ ಜಮೀನನ್ನು ತಾವೇ ಕೊಳ್ಳುವುದು! ಆ ಪತ್ರವನ್ನು ಬರೆಯಬೇಕಾಗಿ ಬಂದಿದ್ದರೆ ನನ್ನ ತಂದೆ ಲೇಖನಿ ಕೆಳಗಿಡುತ್ತಿದ್ದರು.

ಯುದ್ಧ ಬಂದಾಗ ಪಾರ್ಕರ್ ಸೇನೆ ಸೇರಲು ಹೊರಟರು. ಇದು ಬಿಳಿಯರ ಜಗಳ, ಊರಿಗೆ ಹೋಗಿ ಬೇಸಾಯ ಮಾಡಿ ಎಂಬ ಅರ್ಥದ ಉತ್ತರ ವಿದೇಶಾಂಗ ಮಂತ್ರಿ ಸೀವರ್ಡ್ ಅವರಿಂದ ಬಂತು. 1863ರಲ್ಲಿ ಕೊನೆಗೂ ಕ್ಯಾಪ್ಟನ್ ಹುದ್ದೆ ಸಿಕ್ಕಿತು. ಇಲಿನಾಯ್ಸ್‌ನ ಗಲೀನಾ ಪಟ್ಟಣದಲ್ಲಿ ಪರಿಚಯವಾಗಿದ್ದ ಗ್ರಾಂಟ್, ಪಾರ್ಕರ್ ಅವರನ್ನು ತಮ್ಮ ಬಳಿಗೆ ಕರೆಸಿಕೊಂಡರು. ಪಾರ್ಕರ್ ಅವರ ತಮ್ಮ ನ್ಯೂಟನ್ ಕೂಡ ನ್ಯೂಯಾರ್ಕಿನ 132ನೇ ಪದಾತಿದಳದಲ್ಲಿ ಹೋರಾಡಿದರು.

ಗ್ರಾಂಟ್ ಅಧ್ಯಕ್ಷರಾದ ಮೇಲೆ, 1869ರಲ್ಲಿ, ಪಾರ್ಕರ್ ಇಂಡಿಯನ್ ವ್ಯವಹಾರಗಳ ಆಯುಕ್ತರಾದರು. ಆ ಹುದ್ದೆಗೇರಿದ ಮೊದಲ ಮೂಲನಿವಾಸಿ ಅವರೇ. ಆರೋಪ, ವಿಚಾರಣೆ, ದೋಷಮುಕ್ತಿ, 1871ರಲ್ಲಿ ರಾಜೀನಾಮೆ. ಗಳಿಸಿದ ಹಣ ಷೇರುಪೇಟೆಯಲ್ಲಿ ಕರಗಿತು. ಕೊನೆಯ ವರ್ಷಗಳಲ್ಲಿ ಅವರು ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಗುಮಾಸ್ತರು. ಶರಣಾಗತಿ ಪತ್ರ ಬರೆದ ಅದೇ ಕೈ ಅಲ್ಲಿನ ಕಡತಗಳ ಮೇಲೆ ಓಡಾಡಿತು.

1867ರಲ್ಲಿ ಅವರು ಮಿನ್ನಿ ಸ್ಯಾಕೆಟ್ ಎಂಬ ಬಿಳಿಯ ಯುವತಿಯನ್ನು ಮದುವೆಯಾಗಿದ್ದರು. ಮಗಳು ಮಾಡ್ ಹುಟ್ಟಿದ್ದು 1878ರಲ್ಲಿ. ಸೆನೆಕಾ ನಿಯಮದಂತೆ ತಾಯಿಗೆ ಕುಲವಿಲ್ಲದಿದ್ದರೆ ಮಗುವಿಗೂ ಇಲ್ಲ. ಟೊನವಾಂಡದ ನೆಲ ಉಳಿಸಲು ಇಷ್ಟು ಕಾಗದ ಬರೆದವರ ಮಗಳಿಗೆ ಆ ನೆಲದ ಕುಲದಲ್ಲಿ ಹೆಸರಿರಲಿಲ್ಲ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಆ ಜನರನ್ನು ಒಟ್ಟಿಗೆ ಹಿಡಿದಿಟ್ಟದ್ದೇ ಅದು. ಆದರೂ ಅದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎದ್ದೇ ಇದ್ದೆ. ಪಾರ್ಕರ್ ಅವರ ಅಣ್ಣ ನಿಕೋಲ್ಸನ್ ಅವರ ಮೊಮ್ಮಗ ಆರ್ಥರ್ ಪಾರ್ಕರ್ ಅವರ ಪಾಡೂ ಅದೇ. ಅವರನ್ನು ಕರಡಿ ಕುಲದವರು ದತ್ತು ತೆಗೆದುಕೊಂಡರು. ಮುಂದೆ ಪುರಾತತ್ವಜ್ಞರಾದ ಆರ್ಥರ್ 1919ರಲ್ಲಿ ತಮ್ಮ ಅಜ್ಜನ ತಮ್ಮನ ಜೀವನಚರಿತ್ರೆ ಬರೆದರು.

1895ರ ಆಗಸ್ಟ್ 31ರಂದು ಪಾರ್ಕರ್ ಕನೆಕ್ಟಿಕಟ್‌ನ ಫೇರ್‌ಫೀಲ್ಡ್‌ನಲ್ಲಿ ತೀರಿಕೊಂಡರು. 1897ರಲ್ಲಿ ಅವರ ದೇಹವನ್ನು ಬಫಲೋದ ಫಾರೆಸ್ಟ್ ಲಾನ್ ಸ್ಮಶಾನಕ್ಕೆ ತಂದು, ಸೆನೆಕಾ ನಾಯಕ ರೆಡ್ ಜಾಕೆಟ್ ಅವರ ಸಮಾಧಿಯ ಬಳಿ ಮಣ್ಣು ಮಾಡಿದರು. ಗ್ರೇಂಜರ್ ಅವರ ಜಮೀನಿದ್ದದ್ದು ಅಲ್ಲೇ.

ರೆಡ್ ಜಾಕೆಟ್ ಅವರಿಗೆ ಜಾರ್ಜ್ ವಾಷಿಂಗ್ಟನ್ 1792ರಲ್ಲಿ ಕೊಟ್ಟಿದ್ದ ಬೆಳ್ಳಿಯ ಪದಕ, ಸಾಚೆಮ್, ಅಂದರೆ ಮುಖಂಡನ, ಪದವಿಯೇರಿದಾಗ ಪಾರ್ಕರ್ ಅವರ ಎದೆಗೆ ಬಂದಿತ್ತು. ಅವರ ನಂತರ ಮಿನ್ನಿ ಅದನ್ನು ಬಫಲೋದ ಇತಿಹಾಸ ಸಂಘಕ್ಕೆ ಮಾರಿದರು. ನಾನು ಅವರನ್ನು ದೂರಲಾರೆ, ಮನೆಯಲ್ಲಿ ಹಣವಿರಲಿಲ್ಲ. 2021ರಲ್ಲಿ ಸಂಗ್ರಹಾಲಯ ಆ ಪದಕವನ್ನು ಸೆನೆಕಾ ರಾಷ್ಟ್ರಕ್ಕೆ ಹಿಂದಿರುಗಿಸಿತು. ಈ ಸಲ ಅದಕ್ಕೆ ಯಾರೂ ಬೆಲೆ ಕೊಡಬೇಕಾಗಲಿಲ್ಲ.