ಹುಬ್ಬಳ್ಳಿಯ ನೀರು ಎಲ್ಲಿಗೆ ಹೋಗುತ್ತದೆ? ಪ್ಲಿಮತ್‌ನಿಂದ ಒಂದಿಷ್ಟು ಮಾತು

ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ. ಸಮುದ್ರವೇ ಇಲ್ಲದ ಹುಬ್ಬಳ್ಳಿಯವಳು ಈ ಸಮುದ್ರ ಜೀವಶಾಸ್ತ್ರದ ಕೆಲಸಕ್ಕೆ ಹೇಗೆ ಹೋದೆ? ದಾರಿ ಧಾರವಾಡದಿಂದಲೇ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಷ್ಟೆ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಬಿ.ಎಸ್ಸಿ. ಮುಗಿಸಿ ಅಲ್ಲಿಗೆ ಹೋದೆ, ಆಮೇಲೆ ಪಿಎಚ್.ಡಿ. ಅಂತ ಇಂಗ್ಲೆಂಡಿಗೆ ಬಂದೆ, ಈಗ ಆ ದೇಶದ ನೈಋತ್ಯ ಮೂಲೆಯ ಪ್ಲಿಮತ್‌ನಲ್ಲಿದ್ದೇನೆ. ಹೊಲಸು ಬಿದ್ದ ಕರಾವಳಿ ಮತ್ತೆ ಹೇಗೆ ಚೇತರಿಸಿಕೊಳ್ಳುತ್ತದೆ, ಎಷ್ಟು ವರ್ಷ ಹಿಡಿಯುತ್ತದೆ, ಯಾವ ಜೀವ ಬೇಗ ವಾಪಸ್ ಬರುತ್ತದೆ, ಯಾವುದು ತಡ ಮಾಡುತ್ತದೆ, ಇದನ್ನು ನೋಡುವುದೇ ನನ್ನ ಕೆಲಸ.

ನನ್ನ ಕೆಲಸದ ವೇಳಾಪಟ್ಟಿ ಅಮಾವಾಸ್ಯೆ, ಹುಣ್ಣಿಮೆಯದು. ಅವೆರಡರ ಆಸುಪಾಸಿನಲ್ಲಿ ಇಳಿತ ಜೋರಾಗಿರುತ್ತದೆ, ಉಳಿದ ದಿನ ನೀರಲ್ಲೇ ಮುಳುಗಿರುವ ಬಂಡೆಗಳು ಆಗ ಹೊರಗೆ ಕಾಣುತ್ತವೆ. ಪ್ಲಿಮತ್‌ನಲ್ಲಿ ಆ ದಿನಗಳಲ್ಲಿ ನೀರು ಪೂರ್ತಿ ಇಳಿಯುವುದು ಮಧ್ಯಾಹ್ನದ ಹೊತ್ತಿಗೆ. ಅಷ್ಟರೊಳಗೆ ಬೂಟು ಹಾಕಿಕೊಂಡು, ಚೌಕಟ್ಟು ಹಿಡಿದು ಬಂಡೆ ಮೇಲಿರಬೇಕು. ಅವ್ವ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿಯೇ ಹೇಳುತ್ತಾಳೆ: "ನಾಡದ ಅಮಾಸಿ, ನೀ ಕಲ್ಲಿನ ಮ್ಯಾಲೆ ಇರ್ತಿ. ಫೋನ್ ಹಚ್ಚಂಗಿಲ್ಲ ತಗೋ."

ಬಂಡೆ ಮೇಲೆ ಚೌಕಟ್ಟು ಇಟ್ಟು ಅದರೊಳಗೆ ಏನೇನಿದೆ ಅಂತ ಎಣಿಸುತ್ತೇವೆ. ಹೆಚ್ಚು ಸಿಗುವುದು ಲಿಂಪೆಟ್ ಅನ್ನೋ ಚಿಪ್ಪಿನ ಜೀವ. ನೀರು ಏರಿದಾಗ ಇದು ಬಂಡೆ ಮೇಲೆ ನಿಧಾನವಾಗಿ ಹರಿದಾಡಿ ಪಾಚಿ ಕೆರೆದು ತಿನ್ನುತ್ತದೆ, ಇಳಿತಕ್ಕೆ ಮುಂಚೆ ಸರಿಯಾಗಿ ತನ್ನ ಜಾಗಕ್ಕೇ ವಾಪಸ್ ಬರುತ್ತದೆ. ಅಲ್ಲಿ ಕಲ್ಲಿನ ಉಬ್ಬುತಗ್ಗಿಗೆ ಸರಿಯಾಗಿ ಚಿಪ್ಪಿನ ಅಂಚು ಬೆಳೆದಿರುತ್ತದೆ, ಬೇರೆ ಕಡೆ ಕೂತರೆ ಅಷ್ಟು ಬಿಗಿಯಾಗಿ ಕೂರುವುದಿಲ್ಲ. ಈ ಒಂದು ಜೀವ ಹೋದರೆ ಇಡೀ ಬಂಡೆ ಹಸಿರು ಪಾಚಿ ಹಿಡಿಯುತ್ತದೆ. ನೋಡುವವರಿಗೆ ಹಚ್ಚಗೆ ಚೆಂದ ಕಾಣಬಹುದು. ನಮಗೆ ಅದು ಕಾಯಿಲೆಯ ಗುರುತು.

ಹಾಗೆ ಆಗಿದ್ದು 1967ರಲ್ಲಿ. ಮಾರ್ಚ್ 18ರಂದು ಟೊರಿ ಕ್ಯಾನಿಯನ್ ಅನ್ನೋ ತೈಲ ಹಡಗು ಕಾರ್ನ್‌ವಾಲ್ ಹತ್ತಿರ ಸಮುದ್ರದೊಳಗಿನ ಬಂಡೆಗೆ ಬಡಿಯಿತು, ಅದರಲ್ಲಿ ಇದ್ದದ್ದು ಸುಮಾರು 1,19,000 ಟನ್ ಕಚ್ಚಾ ತೈಲ. ದಡ ತೊಳೆಯುವ ಆತುರದಲ್ಲಿ 10,000 ಟನ್ನಿಗೂ ಹೆಚ್ಚು ಡಿಟರ್ಜೆಂಟ್ ಸುರಿದರು. ಎಣ್ಣೆಗಿಂತ ಆ ಮದ್ದೇ ಜಾಸ್ತಿ ಕೊಂದಿತು, ಲಿಂಪೆಟ್‌ಗಳು ರಾಶಿರಾಶಿಯಾಗಿ ಸತ್ತವು. ಗಾಡ್ರೆವಿ ಅನ್ನೋ ಒಂದು ಕಡೆ ಮಾತ್ರ ಅಲ್ಲಿನ ಸೀಲ್‌ಗಳಿಗೆ ತೊಂದರೆ ಆದೀತು ಅಂತ ಮದ್ದು ಹಾಕಲಿಲ್ಲ. ಆ ದಡ ಎರಡು ಮೂರು ವರ್ಷದಲ್ಲಿ ಸುಧಾರಿಸಿತು. ಮದ್ದು ಜೋರಾಗಿ ಬಿದ್ದ ಕಡೆ 10ರಿಂದ 15 ವರ್ಷ ಬೇಕಾಯಿತು.

ಇದು ನಮಗೆ ಗೊತ್ತಾಗಿದ್ದು ಪ್ಲಿಮತ್‌ನ ಪ್ರಯೋಗಾಲಯದಲ್ಲಿದ್ದ ಅಲನ್ ಮತ್ತು ಈವ್ ಸೌತ್‌ವರ್ಡ್ ದಂಪತಿಯಿಂದ. ಪೇಪರಿನವರು ಮರೆತ ಮೇಲೂ ಅವರು ಅದೇ ದಡಗಳಿಗೆ ವರ್ಷ ವರ್ಷ ಹೋಗಿ ನೋಡಿದರು. ನನಗೆ ಈ ವೃತ್ತಿಯಲ್ಲಿ ಅತಿ ದೊಡ್ಡದು ಅನ್ನಿಸುವುದು ಅದೇ. ಈಗ ನಮ್ಮಂಥವರ ಕೆಲಸ ಪ್ರಾಜೆಕ್ಟ್ ಲೆಕ್ಕದ್ದು, ಮೂರು ವರ್ಷಕ್ಕೆ ಹಣ ಮುಗಿಯುತ್ತದೆ, ದಡ ಸುಧಾರಿಸಲು ಹದಿನೈದು ವರ್ಷ ಬೇಕು. ಈ ಕೆಲಸಕ್ಕೆ ಬರಬೇಕು ಅನ್ನುವ ಹುಡುಗ ಹುಡುಗಿಯರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಿಯೂ ಬನ್ನಿ ಅಂತಲೇ ಕರೆಯುತ್ತೇನೆ.

ಇನ್ನೊಂದು ಕಥೆ ಡಾಗ್ ವೆಲ್ಕ್ ಅನ್ನೋ ಬಸವನಹುಳುವಿನದು. ಹಡಗಿನ ತಳಕ್ಕೆ ಚಿಪ್ಪಿಜೀವಿಗಳು ಅಂಟಬಾರದು ಅಂತ ಟಿಬಿಟಿ ಅನ್ನೋ ವಿಷದ ರಾಸಾಯನಿಕ ಇರುವ ಬಣ್ಣ ಬಳಿಯುತ್ತಿದ್ದರು. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ಇದ್ದರೂ ಸಾಕು, ಹೆಣ್ಣು ಹುಳುವಿಗೆ ಗಂಡಿನ ಅಂಗ ಬೆಳೆಯಲು ಶುರು. ವಿಷ ಹೆಚ್ಚಾದರೆ ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿ ಹುಳು ಸಾಯುತ್ತಿತ್ತು. ಪ್ಲಿಮತ್ ಸುತ್ತಲಿನ ದಡಗಳಲ್ಲಿ ಇದನ್ನು ವಿಜ್ಞಾನಿಗಳು ಬಿಡಿಸಿ ತೋರಿಸಿದರು. 1987ರಲ್ಲಿ ಬ್ರಿಟನ್ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣ ನಿಷೇಧಿಸಿತು, 2008ರಲ್ಲಿ ಜಗತ್ತಿನ ಮಟ್ಟದ ನಿಷೇಧ ಜಾರಿಗೆ ಬಂತು. ಡಾಗ್ ವೆಲ್ಕ್ ಮರಿಗಳು ನೀರಲ್ಲಿ ತೇಲಿ ದೂರ ಹೋಗುವುದಿಲ್ಲ, ಮೊಟ್ಟೆಯಿಂದ ಬಂದು ಅದೇ ಬಂಡೆ ಮೇಲೆ ತೆವಳುತ್ತವೆ, ಹಾಗಾಗಿ ಖಾಲಿಯಾದ ದಡ ತುಂಬಲು ಬಹಳ ಕಾಲ ಹಿಡಿಯಿತು. ಆದರೂ ವಾಪಸ್ ಬಂದವು! ಬಂಡೆಯ ಸಂದಿಯಲ್ಲಿ ಅವುಗಳ ಹಳದಿ ಮೊಟ್ಟೆಚೀಲಗಳು ಒತ್ತಾಗಿ ಅಂಟಿಕೊಂಡಿದ್ದು ಕಂಡರೆ ಇವತ್ತಿಗೂ ನನಗೆ ಖುಷಿ ತಡೆಯೋಕಾಗುವುದಿಲ್ಲ.

ಪ್ಲಾಸ್ಟಿಕ್ ವಿಷಯ ಇಷ್ಟು ಸಲೀಸಲ್ಲ. 2004ರಲ್ಲಿ ಇದೇ ಪ್ಲಿಮತ್‌ನ ರಿಚರ್ಡ್ ಥಾಂಪ್ಸನ್ ಮತ್ತು ಜೊತೆಗಾರರು ಮರಳಿನಲ್ಲಿ, ಕೆಸರಿನಲ್ಲಿ ಸಿಕ್ಕ ಪ್ಲಾಸ್ಟಿಕ್ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಅಂತ ಕರೆದರು. ಸರಕು ಹಡಗುಗಳ ಹಿಂದೆ ಕಟ್ಟಿ ಎಳೆಯುವ ಒಂದು ಪೆಟ್ಟಿಗೆ ಇದೆ, ಒಳಗಿನ ರೇಷ್ಮೆ ಬಟ್ಟೆಯಲ್ಲಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು, ಸಿಕ್ಕಿಕೊಳ್ಳುತ್ತವೆ, 1931ರಿಂದ ಈ ಕೆಲಸ ನಡೆದಿದೆ. ಅವರು ತೆಗೆದು ನೋಡಿದ 1960ರ ದಶಕದ ರೇಷ್ಮೆಯಲ್ಲೂ ಪ್ಲಾಸ್ಟಿಕ್ ಎಳೆಗಳಿದ್ದವು, ಮುಂದಿನ ದಶಕಗಳಲ್ಲಿ ಇನ್ನೂ ಜಾಸ್ತಿ. ಎಳೆ ಎಲ್ಲಿಂದ ಬರುತ್ತದೆ? ನಮ್ಮ ಬಟ್ಟೆಯಿಂದಲೂ ಬರುತ್ತದೆ. ಆರು ಕಿಲೋ ಅಕ್ರಿಲಿಕ್ ಬಟ್ಟೆ ಒಮ್ಮೆ ಮಷಿನ್‌ಗೆ ಹಾಕಿದರೆ ಏಳು ಲಕ್ಷಕ್ಕೂ ಹೆಚ್ಚು ಎಳೆ ಬಿಡಬಹುದು ಅಂತ 2016ರಲ್ಲಿ ಇಲ್ಲಿಯವರೇ ಲೆಕ್ಕ ಹಾಕಿದ್ದಾರೆ. ಅಲೆ ತಂದು ಬಿಟ್ಟ ಕಸದ ಸಾಲನ್ನು ಜರಡಿ ಹಿಡಿದರೆ ತೊಗರಿಬೇಳೆಯಂಥ ಪ್ಲಾಸ್ಟಿಕ್ ಗುಂಡುಗಳೂ ಸಿಗುತ್ತವೆ, ಕಾರ್ಖಾನೆಗೆ ಹೋಗಬೇಕಾದ ಕಚ್ಚಾ ಮಾಲು ಅದು.

ಇದನ್ನೆಲ್ಲ ಕಾಕಾನಿಗೆ ಹೇಳಿದಾಗ ಅವರು ಕೇಳಿದರು: "ಅಲ್ಲವಾ, ಸಮುದ್ರ ಅಷ್ಟ್ ದೊಡ್ಡದೈತಿ. ನಮ್ಮ ಗಟಾರದ ನೀರು ಅದಕ್ಕೇನ್ ಮಾಡೀತು?"

ಕಾಕಾ, ನಮ್ಮ ಅವಳಿ ನಗರ ಇರುವುದೇ ನೀರು ಇಬ್ಭಾಗವಾಗುವ ಏರಿನ ಮೇಲೆ. ಒಂದು ಕಡೆಯ ಮಳೆ ಬೆಣ್ಣಿಹಳ್ಳಕ್ಕೆ, ಅಲ್ಲಿಂದ ಮಲಪ್ರಭಾ, ಕೃಷ್ಣೆ, ಬಂಗಾಳ ಕೊಲ್ಲಿ. ಇನ್ನೊಂದು ಕಡೆ ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಬರುವ ಹಳ್ಳದ ಜೊತೆ ಕಲಘಟಗಿ ಹತ್ತಿರ ಸೇರಿ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಅಂಕೋಲಾ, ಗೋಕರ್ಣದ ನಡುವೆ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ನಾವು ಎರಡೂ ಸಮುದ್ರಕ್ಕೆ ನೀರು ಕಳಿಸುವ ಜನ. ಶಾಲ್ಮಲಾ ಕಡೆ ಹಾರಿಹೋದ ಒಂದು ಕ್ಯಾರಿಬ್ಯಾಗ್ ಮಳೆಗಾಲದಲ್ಲಿ ಗಟಾರಕ್ಕೆ ಬಿದ್ದರೆ ಅದು ಹೋಗುವುದು ಮೀನು ಮರಿ ಬೆಳೆಯುವ, ಹೆಂಗಸರು ಕೆಸರಿನಲ್ಲಿ ಕೂತು ಚಿಪ್ಪೆಕಲ್ಲು ಆರಿಸುವ ಅಳಿವೆ ಕಡೆಗೇ. ರಾಜ್ಯದಲ್ಲಿ 2016ರಲ್ಲಿ, ದೇಶದಲ್ಲಿ 2022ರಲ್ಲಿ ಇಂಥ ಪ್ಲಾಸ್ಟಿಕ್ಕಿಗೆ ನಿಷೇಧ ಬಂದಿದೆ. ಡಾಗ್ ವೆಲ್ಕ್ ವಾಪಸ್ ಬಂದದ್ದು ನಿಷೇಧ ನಿಜವಾಗಿ ಜಾರಿಯಾಗಿದ್ದಕ್ಕೆ. ಗೋಕರ್ಣದ ಬೀಚ್‌ನಲ್ಲಿ ಭಾನುವಾರ ಕಸ ಆರಿಸುವವರ ಬಗ್ಗೆ ನನಗೆ ಗೌರವ ಇದೆ, ಆದರೆ ಕಲಘಟಗಿಯಿಂದ ಮೇಲೆ ತಡೆಯದಿದ್ದರೆ ಅವರು ಜೀವನವಿಡೀ ಆರಿಸುತ್ತಲೇ ಇರಬೇಕು.

ಮುಂದಿನ ರಜೆಗೆ ಬಂದಾಗ ಸೋಮೇಶ್ವರದಿಂದ ಗಂಗಾವಳಿ ಅಳಿವೆವರೆಗೆ ಜಾಗ ಜಾಗದಲ್ಲಿ ನೀರು, ಕೆಸರು ಸಂಗ್ರಹಿಸಿ ಜರಡಿ ಹಿಡಿಯಬೇಕು ಅಂತಿದೆ. ಮಳೆ ನಿಂತ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ, ಅದೇ ಜಾಗಗಳಲ್ಲಿ, ಸಾಧ್ಯವಾದಷ್ಟು ವರ್ಷ. ನಾನು ಇಲ್ಲಿರುವಾಗ ಅಲ್ಲಿ ಮಾಡುವವರು ಬೇಕು. ಧಾರವಾಡ, ಹುಬ್ಬಳ್ಳಿ ಕಾಲೇಜಿನ ಹುಡುಗರು ಯಾರಾದರೂ ಬರುವುದಿದ್ದರೆ ತಿಳಿಸಿ, ಜರಡಿ ಹಿಡಿಯುವುದು, ಬರೆದಿಡುವುದು ನಾನು ಕಲಿಸುತ್ತೇನೆ. ಗಾಡಿ ಕಾಕಾನದು, ಕೇಳಿ ಒಪ್ಪಿಸಿದ್ದೇನೆ.